ಅರ್ಜಿಯಲ್ಲಿ ಖಾಲಿ ಉಳಿದ ದೇಶ

ಕುರುಬರಹಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ಸರದಿಯಲ್ಲಿದ್ದ ಗಂಗಲಕ್ಷ್ಮಮ್ಮನ ಮುಂದೆ ಒಬ್ಬ ನರ್ಸ್ ಮತ್ತು ಅವಳ ಗಂಡ ನಿಂತಿದ್ದರು. ವಿದೇಶದ ಕೆಲಸಕ್ಕೆಂದು ನರ್ಸ್ ತುಂಬಿದ್ದ ಅರ್ಜಿಯಲ್ಲಿ ದೇಶದ ಹೆಸರೊಂದೇ ಬಾಕಿ.

"ದುಬೈ ಅಂತ ಬರಿ ಧನ್ಯಾ. ಮುಂದಿನ ತಿಂಗಳೇ ಕೆಲಸ."

"ಅಲ್ಲಿನ ಆಸ್ಪತ್ರೆಯವ್ರು ಮಗೂನ ಕರ್ಕೊಂಡ್ಬರೋ ಹಾಗಿಲ್ಲ ಅಂದಿದಾರಲ್ರೀ."

"ಜರ್ಮನಿ?"

"ಅಲ್ಲಿಗೆ ಕರ್ಕೊಂಡು ಹೋಗ್ಬೋದು. ಆದ್ರೆ ಮೊದ್ಲು ಆ ಭಾಷೆ ಪರೀಕ್ಷೆ ಪಾಸ್ ಮಾಡ್ಬೇಕು. ವರ್ಷ ಹಿಡಿಯುತ್ತೆ."

"ಅದಕ್ಕೇ ದುಬೈ ಅಂದೆ."

"ಅನುಗಿನ್ನೂ ಎರಡು ವರ್ಷ ಕಣ್ರೀ. ನಾನು ವಾಪಸ್ ಬಂದಾಗ ನನ್ನನ್ನೇ ಆಂಟಿ ಅಂದ್ಬಿಟ್ರೆ?"

ಗಂಡ ಪೆನ್ನನ್ನು ಅವಳತ್ತ ಸರಿಸಿದ. ಅಂಗಡಿಯವನು ಅರ್ಜಿಗೆ ಕೈಚಾಚಿದ. ಅವಳು ಅವಸರದಲ್ಲಿ 'ಜರ್ಮನಿ' ಎಂದು ಬರೆದುಕೊಟ್ಟಳು. ಜೆರಾಕ್ಸ್ ಪ್ರತಿ ಕೈಗೆ ಬಂದಮೇಲೆ ಇಬ್ಬರೂ ಬಸ್‌ಸ್ಟಾಪಿನತ್ತ ಹೊರಟರು.

"ಫೇಲಾದ್ರೆ ಬೈಬೇಡಿ," ಎಂದಳು.

ಅವನು ಏನೆಂದನೋ, ಗಂಗಲಕ್ಷ್ಮಮ್ಮನಿಗೆ ಕೇಳಿಸಲಿಲ್ಲ.