ಸೊನ್ನೆ ಜ್ವರದ ಘಟಕ

ಸಭೆಯ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ಮಾಲೀಕರೂ ಆದ ಸಾಹೇಬರೇ, ಬಿಡುವು ಮಾಡಿಕೊಂಡು ಬಂದಿರುವ ಆರೋಗ್ಯಾಧಿಕಾರಿಗಳೇ, ಕಚೇರಿಯ ಹಿರಿಯರೇ, ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡು ಬಂದು ಕುಳಿತಿರುವ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸಭಿಕರೇ,

ಇಪ್ಪತ್ತಾರು ವರ್ಷ ಈ ಕಾರ್ಖಾನೆಯ ನರ್ಸ್ ಆಗಿ ನಿಮಗೆಲ್ಲ "ಬಾಯಿ ತೆಗೀರಿ" ಎಂದು ಹೇಳಿದವಳು ನಾನು. ಇವತ್ತು ನಿವೃತ್ತಿಯ ದಿನ ನೀವು ನನ್ನ ಬಾಯಿ ತೆಗೆಸಿದ್ದೀರಿ. ಭಾಷಣ ಬರೆದುಕೊಂಡು ಬಂದಿದ್ದೇನೆ. ಕಿಟಕಿಗಳನ್ನೆಲ್ಲ ತೆರೆಸಿದವಳೂ, ಅಧ್ಯಕ್ಷರ ಕುರ್ಚಿಯನ್ನು ಅಷ್ಟು ದೂರ ಹಾಕಿಸಿದವಳೂ ನಾನೇ. ಕಾರಣ ಕೊನೆಗೆ ಹೇಳುತ್ತೇನೆ.

ಮೇಜಿನ ಮೇಲೆ ಹೊಳೆಯುತ್ತಿರುವ ಈ ಫಲಕ ನೋಡಿ. "ಸೊನ್ನೆ ಜ್ವರದ ಘಟಕ" ಎಂದು ಬರೆದಿದೆ. ನಾಲ್ಕು ವರ್ಷದ ಹಿಂದೆ ಆ ಮಹಾಸೋಂಕು ಬಂದಾಗ ನಮ್ಮ ಕಂಪನಿಗೆ ಮೂರು ದೇಶಗಳಲ್ಲಿ ಮೂರು ಕಾರ್ಖಾನೆಗಳಿದ್ದವು. ಔಷಧಿ ಬಾಟಲಿಯ ಮುಚ್ಚಳ ಮಾಡುವವರು ನಾವು, ನಮ್ಮ ಕೆಲಸ ನಿಲ್ಲುವಂತಿರಲಿಲ್ಲ. ಆದರೂ ಒಂದು ದಿನವೂ ನಿಲ್ಲದೆ ಓಡಿದ್ದು ಈ ಘಟಕ ಮಾತ್ರ. ನೂರಾ ಎಂಬತ್ತು ದಿನ ಗೇಟಿನಲ್ಲಿ ನಾನೇ ನಿಂತು ಹಣೆಗೆ ಜ್ವರ ಅಳೆಯುವ ಪಿಸ್ತೂಲು ಹಿಡಿದೆ. ಒಬ್ಬರಿಗೂ ಜ್ವರವಿಲ್ಲ! ಯಾರಿಗುಂಟು ಇಂಥ ಭಾಗ್ಯ? ಸಾಹೇಬರೇ, ನೀರು ಕುಡಿಯಿರಿ, ಕೆಮ್ಮು ಜೋರಾಗುತ್ತಿದೆ.

ಆಗ ವಾರಕ್ಕೊಮ್ಮೆ ಮೂರು ದೇಶದ ನರ್ಸುಗಳೂ ಫೋನಿನಲ್ಲಿ ಸೇರುತ್ತಿದ್ದೆವು. ಚಳಿ ದೇಶದವಳು "ಇವತ್ತು ಮೂವತ್ತೆಂಟು ಜನಕ್ಕೆ ಜ್ವರ" ಎಂದು ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಪಾಪ ಎಂದುಕೊಳ್ಳುತ್ತಿದ್ದೆ. ಒಂದು ದಿನ ನಡುವೆ ಇದ್ದ ಅನುವಾದಕ, "ಮೇಡಂ, ಅವರು ಕೇಳ್ತಿದಾರೆ, ಅಷ್ಟು ಜನರಲ್ಲಿ ಒಬ್ಬರಿಗೂ ಜ್ವರ ಇಲ್ವಾ? ನಿಮ್ಮ ಮಿಷನ್ ಸರಿ ಇದೆಯಾ?" ಎಂದ. ನನಗೆ ಮೈಯೆಲ್ಲ ಉರಿಯಿತು. ಹೊಸ ಪಿಸ್ತೂಲು ತರಿಸಿದೆ. ಅದೂ ಜ್ವರದವರು ಸೊನ್ನೆ ಎಂದೇ ಹೇಳಿತು.

ಅವರ ಮಿಷನ್ನಿಗೂ ನಮ್ಮದಕ್ಕೂ ವ್ಯತ್ಯಾಸವಿರಲಿಲ್ಲ. ಅಲ್ಲಿ ಜ್ವರ ಬಂದವರು ಮನೆಯಲ್ಲಿದ್ದರೂ ಸರ್ಕಾರ ಮತ್ತು ಕಂಪನಿ ಸೇರಿ ಸಂಬಳ ಕೊಡುತ್ತಿದ್ದವು. ಹಾಗೆಂದು ಅವರು ಗೆದ್ದರು ಎನ್ನಲಾರೆ. ಅಲ್ಲಿಯೂ ವೃದ್ಧಾಶ್ರಮಗಳು ಖಾಲಿಯಾದವು. ಮೂರನೇ ದೇಶದಲ್ಲಿ ಆರು ವಾರ ಎಲ್ಲವನ್ನೂ ಮುಚ್ಚಿ ಮನೆಬಾಗಿಲಿಗೆ ಅಕ್ಕಿಬೇಳೆ ತಲುಪಿಸಿದರು. ಜೀವಗಳು ಉಳಿದವು, ಆದರೆ ಕಾರ್ಖಾನೆ ತೆರೆದಾಗ ಅರ್ಧ ಜನಕ್ಕೆ ಕೆಲಸವಿರಲಿಲ್ಲ. ಆ ನರ್ಸ್ ಕೂಡ ಮನೆಗೆ ಹೋದಳು. ನಮ್ಮಲ್ಲಿ? ಜ್ವರ ಬಂದರೆ ಹದಿನಾಲ್ಕು ದಿನ ಮನೆ, ಹದಿನಾಲ್ಕು ದಿನ ಸಂಬಳವಿಲ್ಲ. ಆ ನಿಯಮದ ಕಾಗದ ಇವತ್ತಿಗೂ ಗೇಟಿನಲ್ಲಿ ಅಂಟಿಕೊಂಡಿದೆ.

ಗೇಟಿನ ಪಕ್ಕದಲ್ಲಿ ಒಂದು ನಲ್ಲಿಯಿದೆ, ನಿಮಗೆಲ್ಲ ಗೊತ್ತು. ಕೈ ತೊಳೆದು ಒರೆಸಿಕೊಳ್ಳಲಿ ಎಂದು ಅಲ್ಲೊಂದು ಟವೆಲು ನೇತುಹಾಕಿದ್ದೆ. ಮೂರನೇ ವಾರ ನೋಡುತ್ತೇನೆ, ಅದರಲ್ಲಿ ಯಾರೂ ಕೈ ಒರೆಸುತ್ತಿಲ್ಲ. ತಣ್ಣೀರಿನಲ್ಲಿ ಅದ್ದಿ ಹಣೆಗೆ ಒತ್ತಿಕೊಂಡು ನಿಲ್ಲುತ್ತಾರೆ, ಮುಖ ಒರೆಸಿಕೊಂಡು ನೇರ ನನ್ನ ಮುಂದೆ ಬರುತ್ತಾರೆ. ಯಾಕೆ ತಲೆ ತಗ್ಗಿಸುತ್ತೀರಿ? ತಲೆ ತಗ್ಗಿಸಬೇಕಾದವಳು ನಾನು. ನಾನೇನು ಮಾಡಿದೆ ಗೊತ್ತೇ? ಮಾರನೇ ದಿನದಿಂದ ಒಂದಲ್ಲ, ಮೂರು ಟವೆಲು ಹಾಕಿದೆ. ದಿನವೂ ಬಿಸಿನೀರಿನಲ್ಲಿ ಒಗೆದು ಹಾಕಿದೆ. ಸ್ವಚ್ಛತೆ ಮುಖ್ಯವಲ್ಲವೇ?

ಇಲ್ಲಿಂದ ಮುಂದಿನದು ನಾನು ಬರೆದುಕೊಂಡು ಬಂದದ್ದಲ್ಲ.

ಲೇಬಲ್ ವಿಭಾಗದಲ್ಲಿ ನನ್ನ ಅತ್ತಿಗೆ ಇದ್ದರು, ನನ್ನ ಅಣ್ಣನ ಹೆಂಡತಿ. ಅಣ್ಣನ ಹೊಲಿಗೆ ಅಂಗಡಿ ಮುಚ್ಚಿತ್ತು, ಮನೆ ನಡೆಯುತ್ತಿದ್ದುದು ಅವರ ಸಂಬಳದಲ್ಲೇ. ನೂರಾ ನಾಲ್ಕನೇ ದಿನ ಅವರು ಬಂದಾಗ ಹಣೆಯ ಮೇಲಿನ ಕೂದಲು ಒದ್ದೆಯಾಗಿತ್ತು. "ಏನಮ್ಮಾ ನಾದಿನಿ, ಬೇಗ ಹೊಡಿ ನಿನ್ನ ಪಿಸ್ತೂಲು, ಹಿಂದೆ ಲೈನ್ ಇದೆ" ಎಂದು ನಗುತ್ತಾ ನನ್ನ ಕೈ ಹಿಡಿದರು. ಆ ಕೈ ಸುಡುತ್ತಿತ್ತು. ಪಿಸ್ತೂಲಿನಲ್ಲಿ ತೊಂಬತ್ತೇಳು ಬಂತು. ನಾನು "ಹೋಗಿ ಅತ್ತಿಗೆ" ಎಂದೆ.

ಹನ್ನೊಂದು ದಿನಕ್ಕೆ ಅತ್ತಿಗೆ ತೀರಿಕೊಂಡರು. ಅವರ ಮೇಜಿನ ಅಕ್ಕಪಕ್ಕ ಕೂರುತ್ತಿದ್ದ ಇಬ್ಬರು ಅದೇ ತಿಂಗಳು ಹೋದರು. ಯಾರೂ ಗೇಟಿನಲ್ಲಿ ಸಾಯಲಿಲ್ಲ, ಹಾಗಾಗಿ ಗೇಟಿನಲ್ಲಿ ಜ್ವರದ ಲೆಕ್ಕ ಬರೆಯುತ್ತಿದ್ದ ಬೋರ್ಡಿನಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಅಣ್ಣ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ನಾಲ್ಕು ವರ್ಷ ಅವನ ಮನೆಯಲ್ಲಿ ಕಾಫಿ ಕುಡಿದು ಬಂದಿದ್ದೇನೆ, ಇದನ್ನು ಹೇಳಿರಲಿಲ್ಲ. ಅಣ್ಣಾ, ನನಗೆ ಗೊತ್ತಿತ್ತು. ಕೈ ಮುಟ್ಟಿದಾಗಲೇ ಗೊತ್ತಿತ್ತು. ಈಗ ಎದ್ದು ಹೋಗಬೇಡ, ಇನ್ನೆರಡು ಮಾತು ಕೇಳಿಕೊಂಡು ಹೋಗು.

ಈ ವಾರ ಮತ್ತೆ ಊರಿನಲ್ಲಿ ಜ್ವರ ಓಡಾಡುತ್ತಿದೆ, ಆರೋಗ್ಯಾಧಿಕಾರಿಗಳು ಈಗಷ್ಟೇ ಹೇಳಿದರು. ಜ್ವರ ಬಂದವರಿಗೆ ಸಂಬಳ ಸಹಿತ ರಜೆ ಕೊಡಿ ಎಂದು ನಾನು ಮೂರು ಸಲ ಅರ್ಜಿ ಕೊಟ್ಟೆ. ಮೂರು ಸಲವೂ "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂತು. ಅದಕ್ಕೇ ಇವತ್ತು, ಕೊನೆಯ ದಿನ, ಈ ಸಭಾಂಗಣದ ಬಾಗಿಲಲ್ಲಿ ಪಿಸ್ತೂಲು ಹಿಡಿದು ನಿಂತೆ. ಇನ್ನೂರಕ್ಕೂ ಹೆಚ್ಚು ಜನ ಬಂದಿರಿ. ಒಬ್ಬರಿಗೆ ಮಾತ್ರ ನೂರಾ ಒಂದು ಬಂತು. ಮನೆಗೆ ಹೋಗಿ ಎಂದೆ. "ಬಿಸಿಲಲ್ಲಿ ಬಂದೆ ಕಣಮ್ಮಾ. ಇವತ್ತು ನಾನೇ ಇಲ್ದಿದ್ರೆ ಹೇಗೆ?" ಎಂದರು. ಹೊರಗಿನ ನಲ್ಲಿಗೆ ಹೋದರು. ಕರವಸ್ತ್ರ ಒದ್ದೆ ಮಾಡಿ ಹಣೆಗೆ ಒತ್ತಿಕೊಂಡು ಮತ್ತೆ ಬಂದರು. ತೊಂಬತ್ತೇಳು. ನನ್ನ ಬಾಯಿಂದ ಅದೇ ಮಾತು ಬಂತು, "ಹೋಗಿ ಸರ್." ಇಪ್ಪತ್ತಾರು ವರ್ಷದ ಅಭ್ಯಾಸ ನೋಡಿ.

ಅವರು ಕೆಟ್ಟವರಲ್ಲ. ಮನೆಗೆ ಹೋದರೆ ಏನೋ ಕೈತಪ್ಪುತ್ತದೆ ಎನ್ನುವವರೆಲ್ಲ ಮಾಡುವುದನ್ನೇ ಅವರೂ ಮಾಡಿದರು. ಅವರಿಗೆ ತಪ್ಪುತ್ತಿದ್ದುದು ಒಂದು ಹಾರ, ಒಂದು ಫೋಟೋ. ಅತ್ತಿಗೆಗೆ ತಪ್ಪುತ್ತಿದ್ದುದು ಮನೆಯ ಊಟ.

ನಾಲ್ಕನೇ ಅರ್ಜಿಯನ್ನು ಈ ಫಲಕದ ಕೆಳಗೆ ಇಟ್ಟಿದ್ದೇನೆ, ಪೆನ್ನೂ ಇದೆ. ಇಷ್ಟು ವರ್ಷ ನನ್ನ ಮಾತಿಗೆ ಬಾಯಿ ತೆರೆದ, ತೋಳು ಚಾಚಿದ ನಿಮಗೆಲ್ಲ ನಾನು ಋಣಿ. ಸಾಹೇಬರೇ, ಸಹಿ ಹಾಕಿ ಮನೆಗೆ ಹೋಗಿ ಮಲಗಿ. ನಿಮ್ಮ ಸಂಬಳವನ್ನು ಯಾರೂ ಹಿಡಿಯುವುದಿಲ್ಲ.

ನಮಸ್ಕಾರ.