ದೀಪ ಹಿಡಿದು ನಿಂತ ಅಜ್ಜ

ಹಳಿಯಾಳದ ಬಸ್ ನಿಲ್ದಾಣದಲ್ಲಿ ಸೊಪ್ಪು ಮಾರಿ ಮುಗಿಸಿದ ತುಳಜಾ ಖಾಲಿ ಬುಟ್ಟಿಯ ಜೊತೆ ಕೂತಿದ್ದಳು. ಪಕ್ಕದಲ್ಲಿ ಇಬ್ಬರು ಸಿದ್ದಿ ಹೆಂಗಸರು, ಫ್ಲೇವಿಯಾ ಮತ್ತು ಅವಳಿಗಿಂತ ಹಿರಿಯಳಾದ ರುಕ್ಮಾ. ಸಂಘದವರ ಜೊತೆ ಗೋವಾಕ್ಕೆ ಹೋಗಿ, ಪೋರ್ಚುಗೀಸರ ಕಾಲದ ಕುರ್ಚಿ ಮಂಚಗಳನ್ನಿಟ್ಟ ಮ್ಯೂಸಿಯಂ ನೋಡಿ ಬಂದಿದ್ದರಂತೆ. ಪರರ ಮಾತಿಗೆ ಕಿವಿಗೊಡಬಾರದೆಂಬ ಸಭ್ಯತೆ ತುಳಜಾಳಿಗೆ ಯಾವತ್ತೂ ಇರಲಿಲ್ಲ.

“ಎಲ್ಲಾ ಕುರ್ಚಿಗೂ ಹಗ್ಗಾ ಕಟ್ಯಾರ ನೋಡ ಫ್ಲೇವಿಯಾ, ನಾವು ಕೂಡಬಾರದಂತ.”

“ಅದೇನ ಹೊಸಾದು ರುಕ್ಮಕ್ಕ? ನಮ್ಮ ಮುತ್ತಜ್ಜರು ಅಂಥಾ ಮನ್ಯಾಗ ಗುಲಾಮರಿದ್ದಾಗೂ ಕೂಡಾಕ ಬಿಟ್ಟಿರಲಿಲ್ಲ. ಪಾಪ, ಪದ್ಧತಿ ಕೈಬಿಟ್ಟಿಲ್ಲ.”

“ಹೂಂ, ಭಾಳ ಮಡಿವಂತರು.”

“ಆದ್ರೂ ಬಾಗಲದಾಗ ದೀಪಾ ಹಿಡದು ನಿಂತಿದ್ದ ಆ ಕಟಗಿ ಮನಷ್ಯಾನ ಮುಂದ ನೀ ತೆಂಗಿನಕಾಯಿ ಇಡಬಾರದಿತ್ತು.”

“ನಮ್ಮಂಥಾ ಗುಂಗುರು ಕೂದಲಾ, ನಮ್ಮದ ಮೂಗು. ನಮ್ಮ ಹಿರಿಯಾಗ ಕಾಯಿ ಇಡದ ಹೆಂಗ ಬರೂದು?”

“ಕಾವಲುಗಾರ ಓಡಿಬಂದು, ಇದು ದೇವರಲ್ಲ, ದೀಪದ ಕಂಬ ಅಂದ್ನಲ್ಲ.”

“ಶ್ಯಾಣ್ಯಾ ಅದಾನ. ಮನಷ್ಯಾನ್ನ ಕಂಬಾ ಮಾಡಿದವರ ಹೆಸರು ಗ್ವಾಡಿ ಮ್ಯಾಲೆ ಬಂಗಾರದ ಅಕ್ಷರದಾಗ. ಕಂಬಕ್ಕ ಹೆಸರ ಇಲ್ಲ.”

“ಕಾಯಿ ಯಾರದು ಅಂತನೂ ಕೇಳಿದ.”

“ಅಜ್ಜಂದು ಅಂದೆ. ಸುಮ್ಮನ ಎತಗೊಂಡು ಹ್ವಾದ. ಚಟ್ನಿ ಆಗಿರಬೇಕು ಇಷ್ಟೊತ್ತಿಗೆ.”

ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಎದ್ದರು.

“ಕೈ ಮುಗದು ಏನ ಬೇಡಿಕೊಂಡಿ ಅಕ್ಕಾ?”

ರುಕ್ಮಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ಬೇಡಲಿಲ್ಲ, ಹೇಳಿದೆ. ಅಜ್ಜಾ, ಆ ಮನಿಯವರೆಲ್ಲಾ ಹೋಗಿ ಭಾಳ ವರ್ಷಾತು. ಇನ್ನರೆ ದೀಪಾ ಕೆಳಗಿಡು ಅಂತ.”