ಅಳುವ ಕೂಸಿನ ಬಾಯಿ

ಬೇತಮಂಗಲದ ಬಸ್ಸಿನಲ್ಲಿ, ಹಿಂದಿನ ಸೀಟಿನ ಮಗು ಜ್ವರದಿಂದ ಒಂದೇ ಸಮನೆ ಅಳುತ್ತಿತ್ತು. ಮಗುವಿನ ತಾಯಿಯೂ ಅವಳ ಅತ್ತೆಯೂ ಆಡುತ್ತಿದ್ದ ಮಾತನ್ನು ಮುಂದಿನ ಸೀಟಿನ ಸೆಲ್ವಿ ತಿರುಗಿ ನೋಡದೆ ಕೇಳಿಸಿಕೊಂಡಳು.

"ಕಂಡಕ್ಟ್ರು ಗುರಾಯಿಸ್ತವ್ನೆ ಅತ್ತೆ. ಬಾಯ್ಗೆ ಸೆರಗು ಅಡ್ಡ ಇಡ್ಲಾ?"

"ಗುರಾಯಿಸ್ಲಿ ಬಿಡು, ಅವನೇನು ಅಳ್ದೆ ಬೆಳೆದವ್ನಾ? ನಮ್ಮನೇಲಿ ಕೂಸಿನ ಬಾಯಿ ಮುಚ್ಚಂಗಿಲ್ಲ ಕಣೇ."

"ಯಾಕತ್ತೆ?"

"ಹೈದರಾಲಿ ಕಾಲ್ದಾಗೆ ದಂಡು ಬಂದಾಗ ನಮ್ಮ ವಂಶದ ಅಜ್ಜಿ ಕೂಸೆತ್ಕೊಂಡು ರಾಗಿ ತುಂಬೋ ಹಗೇವಿನಾಗೆ ಬಚ್ಚಿಟ್ಕೊಂಡ್ಲು. ಕುದ್ರೆ ಸದ್ದಿಗೆ ಕೂಸು ಅಳ್ತು. ಬಾಯಿ ಅದುಮಿದ್ಲು. ದಂಡೂ ಓಯ್ತು, ಕೂಸೂ ಓಯ್ತು."

ಉರಿಗಾಂ ಹತ್ತಿರ ಅಳು ನಿಂತಿತು.

"ಸದ್ಯ, ಮಲಗ್ತು."

"ಮಲಗಿಲ್ಲ ಕಣೇ, ಕಣ್ಣು ನೋಡು! ಚಿವುಟು, ಅಳಿಸು!"

ಬಸ್ಸು ನಿಂತಿತೋ ಇಲ್ಲವೋ, ಇಬ್ಬರೂ ಇಳಿದು ಆಸ್ಪತ್ರೆಯತ್ತ ಓಡಿದರು. ಸೆಲ್ವಿ ಕಿಟಕಿಯಿಂದಲೇ ಕಿವಿಗೊಟ್ಟಳು. "ಅಳೋ ಕಂದ, ಅಳೋ" ಎಂಬ ಅತ್ತೆಯ ದನಿಯೊಂದೇ ಕೇಳಿಸಿತು.